ಏರಿಗೆ ಹಾಕಿದ ದುಡ್ಡು

ಸೈಕಲ್ ಪ್ರವಾಸಕ್ಕೆ ಎಷ್ಟು ಬೆಲೆಯ ಸೈಕಲ್ ಕೊಳ್ಳಬೇಕು ಎಂದು ಪರಿಚಯದವರು ಆಗಾಗ ಕೇಳುತ್ತಾರೆ. ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾವಿ, ಹಾನಗಲ್, ಹಿರೇಕೆರೂರು ಸುತ್ತಿ ಬಂದವನಾಗಿ ನನ್ನ ಉತ್ತರ ಒಂದೇ. ಸೈಕಲ್ಲಿಗೆ ಕಡಿಮೆ ಹಾಕಿ. ಅದರ ಹಿಂದಿನ ಫ್ರೀವೀಲ್‌ಗೆ, ಬ್ರೇಕಿಗೆ, ನಿಮ್ಮ ವಿಮೆಗೆ ಹೆಚ್ಚು ಹಾಕಿ.

ಈ ನಾಲ್ಕು ತಾಲ್ಲೂಕುಗಳಲ್ಲಿ ಆಗುಂಬೆಯಂಥ ಘಟ್ಟವಿಲ್ಲ. ಸವಣೂರಿನ ಕಡೆ ಎರೆ ಹೊಲದ ಬಯಲು. ಪಡುವಣಕ್ಕೆ ಹೋದಂತೆ ನೆಲ ಕೆಂಪಾಗುತ್ತದೆ, ಭತ್ತದ ಗದ್ದೆ, ಮಾವಿನ ತೋಪು ಬರುತ್ತವೆ. ಹಾನಗಲ್ ಹೊತ್ತಿಗೆ ಅರೆಮಲೆನಾಡು. ವರದಾ, ಧರ್ಮಾ ನದಿಗಳಿಗೆ ಸೇರುವ ಹಳ್ಳಗಳು ರಸ್ತೆಯನ್ನು ಅಡ್ಡಡ್ಡ ಕೊಯ್ದಿವೆ. ಒಂದು ಹಳ್ಳಕ್ಕೆ ಇಳಿದರೆ ಆಚೆ ಒಂದು ದಿಬ್ಬ ಹತ್ತಲೇಬೇಕು. ಹಿರೇಕೆರೂರಿನಿಂದ ಮದಗ–ಮಾಸೂರು ಕೆರೆಯ ಕಡೆ ಹೋದರಂತೂ ಗುಡ್ಡಗಳೇ ಎದುರಾಗುತ್ತವೆ. ಯಾವ ಏರೂ ಉದ್ದವಲ್ಲ, ಆದರೆ ಮುಗಿಯುವುದೂ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಇಂಥ ಸಣ್ಣ ಏರುಗಳೇ ಮೊಣಕಾಲನ್ನು ಸೋಲಿಸುವುದು.

ಇಲ್ಲಿ ಲೆಕ್ಕ ಹಾಕಿ ನೋಡಬೇಕು. ಸವಾರನ ತೂಕ 65 ಕಿಲೊ, ಸೈಕಲ್ 15, ಚೀಲ, ನೀರು ಸೇರಿ 10. ಒಟ್ಟು 90 ಕಿಲೊ. ಅಂಗಡಿಯವರು ತೋರಿಸುವ ಹಗುರ ಫ್ರೇಮಿನ ಸೈಕಲ್ ಎರಡು ಕಿಲೊ ಕಡಿಮೆ ತೂಗುತ್ತದೆ, ಬೆಲೆ ಮಾತ್ರ ಇಪ್ಪತ್ತು ಮೂವತ್ತು ಸಾವಿರ ಜಾಸ್ತಿ. 90ರಲ್ಲಿ 2 ಅಂದರೆ ನೂರಕ್ಕೆ ಎರಡು ಚಿಲ್ಲರೆ. ಅದೇ ಸಾಧಾರಣ ಸೈಕಲ್ಲಿನ 28 ಹಲ್ಲಿನ ಫ್ರೀವೀಲ್ ತೆಗೆಸಿ 34 ಹಲ್ಲಿನದು ಹಾಕಿಸಿದರೆ ಏರಿನಲ್ಲಿ ಪೆಡಲ್ ಮೇಲೆ ಬೀಳುವ ಒತ್ತಡ ನೂರಕ್ಕೆ ಹದಿನೇಳರಷ್ಟು ಇಳಿಯುತ್ತದೆ. ನನಗೆ ತಗುಲಿದ ಖರ್ಚು ಸಾವಿರ ರೂಪಾಯಿಯ ಆಸುಪಾಸು. ವೇಗ ಕಡಿಮೆಯಾಗುತ್ತದೆ ನಿಜ, ಆದರೆ ಇಳಿದು ತಳ್ಳುವುದು ತಪ್ಪುತ್ತದೆ. ಹಾಕಿಸುವ ಮುಂಚೆ ಹಿಂದಿನ ಗೇರ್ ಅಷ್ಟು ದೊಡ್ಡ ಹಲ್ಲುಚಕ್ರವನ್ನು ತಡೆಯುತ್ತದೆಯೇ, ಚೈನಿಗೆ ಇನ್ನೆರಡು ಕೊಂಡಿ ಸೇರಿಸಬೇಕೇ ಎಂದು ಮೆಕ್ಯಾನಿಕ್‌ರನ್ನು ಕೇಳಿಕೊಳ್ಳಿ.

ಚಕ್ರದ ಗಾತ್ರವೂ ಹಣದ ಪ್ರಶ್ನೆಯೇ. ತಿಳವಳ್ಳಿಯ ಕಡೆ ಹೋಗುವಾಗ ಜತೆಗಿದ್ದ ಗೆಳೆಯನ 29 ಇಂಚಿನ ಚಕ್ರದ ಟ್ಯೂಬ್ ಸೀಳಿಹೋಯಿತು. ಪಂಚರ್ ಅಂಗಡಿಯ ಹಿರಿಯರು ಕೈಯಲ್ಲಿ ಹಿಡಿದು ನೋಡಿ, “ಈ ಸೈಜ್ ಇಲ್ಲಿ ಸಿಗಂಗಿಲ್ರಿ ಸರ, ಹಾವೇರಿಗೇ ಹೋಗಬೇಕ್ರಿ” ಅಂದರು. ಗೆಳೆಯ ಬಸ್ ಹತ್ತಿ ಹೋಗಿ ಟ್ಯೂಬ್ ತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಟ್ಯೂಬಿನ ಬೆಲೆಗಿಂತ ಬಸ್ ಚಾರ್ಜು, ಊಟ, ಆ ರಾತ್ರಿಯ ಲಾಡ್ಜ್ ಬಾಡಿಗೆ ಎಷ್ಟೋ ಪಾಲು ಹೆಚ್ಚಾಯಿತು. ಅದೇ ಅಂಗಡಿಯ ಗೂಟಕ್ಕೆ 26 ಇಂಚಿನ ಟ್ಯೂಬುಗಳು ಮಾಲೆಯಂತೆ ನೇತುಬಿದ್ದಿದ್ದವು. ಹಳ್ಳಿಯ ಪಂಪು ಕಚ್ಚದ ಸಪೂರ ಮೂತಿಯ ವಾಲ್ವಿಗೂ ಇದೇ ಮಾತು. ನೀವು ಹೋಗುವ ಊರಿನಲ್ಲಿ ಬಿಡಿಭಾಗ ಸಿಗುವ ಸೈಕಲ್ಲೇ ನಿಮಗೆ ಅಗ್ಗದ ಸೈಕಲ್.

ಚೈನಿನ ವಿಷಯದಲ್ಲಿ ಜಿಪುಣತನ ಬೇಡ. ಮಳೆಗಾಲದಲ್ಲಿ ಎರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ, ಚೈನಿನ ಕೊಂಡಿಗಳೊಳಗೂ ಸೇರುತ್ತದೆ. ಹಾಗೆ ಸವೆದು ಜಗ್ಗಿದ ಚೈನು ಫ್ರೀವೀಲಿನ ಹಲ್ಲನ್ನೂ ಮುಂದಿನ ಚೈನ್‌ವೀಲಿನ ಹಲ್ಲನ್ನೂ ತಿಂದುಹಾಕುತ್ತದೆ. ಮುನ್ನೂರು ನಾಲ್ಕುನೂರು ರೂಪಾಯಿಯ ಚೈನನ್ನು ಸಮಯಕ್ಕೆ ಬದಲಿಸದಿದ್ದರೆ ಮೂರನ್ನೂ ಒಟ್ಟಿಗೆ ಬದಲಿಸುವ ಗತಿ ಬರುತ್ತದೆ. ಬ್ರೇಕ್ ಶೂ ಇನ್ನೂ ಅಗ್ಗ. ಸುಗ್ಗಿಯಲ್ಲಿ ಇಲ್ಲಿಯ ರಸ್ತೆಗಳ ಅರ್ಧಭಾಗದ ಮೇಲೆ ಗೋವಿನಜೋಳ ಒಣಗಲು ಹರಡಿರುತ್ತಾರೆ. ಹಳ್ಳಕ್ಕೆ ಇಳಿಯುವ ರಭಸದಲ್ಲಿ ಆ ಕಾಳಿನ ಮೇಲೆ ಚಕ್ರ ಹೋದರೆ ಜಾರದೆ ಇರುವುದಿಲ್ಲ. ಕಾಳು ಕಂಡ ಕೂಡಲೇ ವೇಗ ಇಳಿಸುವಂಥ ಬ್ರೇಕ್ ಇರಬೇಕು.

ಇನ್ನು ಕೊಳ್ಳುವ ಬಗೆ. ಗೇರಿನ ಸಾಧಾರಣ ಸೈಕಲ್ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ತಿಂಗಳಿಗೆ 1,000ದಂತೆ ಒಂದು ವರ್ಷದ ಆರ್‌ಡಿ ಕಟ್ಟಿದರೆ ಸೈಕಲ್ಲೂ ಬಂತು, ಬಡ್ಡಿಯಲ್ಲಿ ಒಂದು ಜತೆ ಬ್ರೇಕ್ ಶೂ ಕೂಡ ಬಂತು. ಕಂತಿನ ಸಾಲದ ಕಾಗದದಲ್ಲಿ ಬಡ್ಡಿ ಸೊನ್ನೆ ಎಂದು ಬರೆದಿರುತ್ತಾರೆ. ಬಡ್ಡಿ ಎಲ್ಲಿಗೂ ಹೋಗಿರುವುದಿಲ್ಲ. ಪ್ರೊಸೆಸಿಂಗ್ ಶುಲ್ಕವಾಗಿಯೋ, ನಗದಿಗೆ ಸಿಗಬೇಕಿದ್ದ ರಿಯಾಯಿತಿಯನ್ನು ನುಂಗಿಯೋ ಕುಳಿತಿರುತ್ತದೆ. ಸೊನ್ನೆ ಬಡ್ಡಿಯ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ಬಿಲ್ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಳೆಯ ತೆರಿಗೆ ಸೇರಿ 12,000 ಇದ್ದದ್ದು ಈಗ 11,250 ಆಗಬೇಕು. ಉಳಿದ 750 ರೂಪಾಯಿ ದೊಡ್ಡ ಫ್ರೀವೀಲಿನ ಮುಕ್ಕಾಲು ಪಾಲಿಗೆ ಸಾಕು.

ಸೈಕಲ್ ಪ್ರವಾಸ ಅಗ್ಗ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಲೀಟರ್ ಪೆಟ್ರೋಲ್ ನೂರು ರೂಪಾಯಿ ದಾಟಿದೆ, ಬೈಕು ಐವತ್ತು ಕಿ.ಮೀ. ಕೊಡುತ್ತದೆ ಅಂದರೂ ಕಿ.ಮೀ.ಗೆ ಎರಡು ರೂಪಾಯಿ ಚಿಲ್ಲರೆ. ಈ ನಾಲ್ಕೂ ತಾಲ್ಲೂಕು ಸುತ್ತಲು ಬೈಕಿಗೆ ಒಂದು ದಿನ, ನಾಲ್ಕುನೂರರಷ್ಟು ಪೆಟ್ರೋಲ್ ಸಾಕು. ಸೈಕಲ್ಲಿಗೆ ಮೂರು ದಿನ ಬೇಕು, ಎರಡು ರಾತ್ರಿ ಎಲ್ಲಾದರೂ ತಂಗಬೇಕು. ಹಸಿವೂ ದುಪ್ಪಟ್ಟು. ಖಾನಾವಳಿಯಲ್ಲಿ “ಇನ್ನೊಂದ್ ರೊಟ್ಟಿ ಹಾಕ್ಕೋರಿ ಅಣ್ಣಾರ” ಅನ್ನುವ ಅಕ್ಕ ಬೇಡ ಅನ್ನಲು ಬಿಡುವುದಿಲ್ಲ, ಎಣಗಾಯಿ ಪಲ್ಲೆ, ಶೇಂಗಾ ಚಟ್ನಿ ಎದುರಿಗಿದ್ದರೆ ನನಗೂ ಬೇಡ ಅನ್ನಲು ಆಗುವುದಿಲ್ಲ. ಒಟ್ಟು ಖರ್ಚು ಬೈಕಿಗಿಂತ ಹೆಚ್ಚೇ. ಆದರೆ ಆ ದುಡ್ಡು ಹೋಗುವ ಕಡೆ ನೋಡಿ: ಖಾನಾವಳಿ, ಚಹಾದಂಗಡಿ, ಎಳನೀರಿನ ಗಾಡಿ, ಪಂಚರ್ ಅಂಗಡಿ, ಸವಣೂರಿನ ಖಾರದ ಅಂಗಡಿ, ವೀಳ್ಯದೆಲೆ ಮಾರುವವರು. ನನ್ನ ಕೈಯಿಂದ ಹೋದ ನೂರು ರೂಪಾಯಿ ಅದೇ ಊರಿನಲ್ಲಿ ಇನ್ನೆರಡು ಕೈ ದಾಟುತ್ತದೆ ಎಂಬ ಸಮಾಧಾನ ನನಗೆ ದೊಡ್ಡದು. ನೋಡುವುದಕ್ಕಂತೂ ಹೆಚ್ಚು ಖರ್ಚಿಲ್ಲ. ಸವಣೂರಿನ ಮಠದ ಆವರಣದ ದೊಡ್ಡಹುಣಸೆ ಮರಗಳು, ಬಂಕಾಪುರದ ಕೋಟೆಯೊಳಗಿನ ನವಿಲುಗಳು, ಕನಕದಾಸರ ಬಾಡ, ಷರೀಫರ ಶಿಶುನಾಳ, ಹಾನಗಲ್ಲಿನ ತಾರಕೇಶ್ವರ ಗುಡಿ, ಎಲ್ಲವೂ ಈ ದಾರಿಗಳಲ್ಲೇ ಇವೆ. ಹೊರಗಿನಿಂದ ಬರುವವರಿಗೆ ಒಂದು ತಿಳಿದಿರಲಿ: ಶಿಗ್ಗಾವಿ, ಹಾನಗಲ್, ಹಿರೇಕೆರೂರು ಪಟ್ಟಣಗಳಿಗೆ ರೈಲಿಲ್ಲ. ಸೈಕಲ್ಲನ್ನು ರೈಲಿನಲ್ಲಿ ತರುವುದಾದರೆ ಹಾವೇರಿಯಲ್ಲಿ ಇಳಿಸಿಕೊಳ್ಳುವುದು ಲೇಸು.

ಕೊನೆಯದು ವಿಮೆ. ಇದನ್ನು ಓದಿ ಮರೆಯಬೇಡಿ. ಬೈಕು, ಕಾರಿಗೆ ಕಾನೂನೇ ವಿಮೆ ಮಾಡಿಸುತ್ತದೆ. ಸೈಕಲ್ ಸವಾರನಿಗೆ ಹಾಗೆ ಒತ್ತಾಯ ಮಾಡುವವರಿಲ್ಲ. ಮೋಟಾರು ವಾಹನ ಗುದ್ದಿ ಗಾಯವಾದರೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಸೈಕಲ್ ಸವಾರನಿಗೂ ಅದು ಸಲ್ಲುತ್ತದೆ. ಆದರೆ ಗೋವಿನಜೋಳದ ಮೇಲೆ ಜಾರಿ ನೀವೇ ಬಿದ್ದರೆ, ತಗ್ಗಿಗೆ ಚಕ್ರ ಇಳಿದು ಭುಜದ ಎಲುಬು ಮುರಿದರೆ ಅದು ಈ ಯೋಜನೆಯೊಳಗೆ ಬರುವುದಿಲ್ಲ, ಏಕೆಂದರೆ ಅಲ್ಲಿ ಮೋಟಾರು ವಾಹನವೇ ಇಲ್ಲ. ಏರಿಳಿತದ ಹಳ್ಳಿ ರಸ್ತೆಯಲ್ಲಿ ಹೆಚ್ಚಾಗಿ ಬೀಳುವುದು ಹೀಗೆಯೇ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಸೇರಬಹುದು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಆಸ್ಪತ್ರೆಯ ಬಿಲ್ ಅದು ಕಟ್ಟುವುದಿಲ್ಲ. ಅದಕ್ಕೆ ಆರೋಗ್ಯ ವಿಮೆ ಬೇಕು. ದಿನಗೂಲಿಯವರು, ಸ್ವಂತ ಅಂಗಡಿಯವರು ಹಾಸಿಗೆ ಹಿಡಿದ ವಾರಗಳ ಗಳಿಕೆಯನ್ನು ತುಂಬಿಕೊಡುವ ವೈಯಕ್ತಿಕ ಅಪಘಾತ ವಿಮೆಯನ್ನೂ ನೋಡಬೇಕು. ಹಗುರ ಫ್ರೇಮಿಗೆ ಕೊಡುವ ಹೆಚ್ಚುವರಿ ದುಡ್ಡಿನ ಒಂದು ಸಣ್ಣ ಪಾಲಿನಲ್ಲಿ ಅದು ಮುಗಿಯುತ್ತದೆ.

ಸುರಕ್ಷಾ ಬಿಮಾದ ವರ್ಷ ಜೂನ್ 1ರಿಂದ ಮೇ 31ರವರೆಗೆ. ಸೈಕಲ್ಲಿಗೆ ಗಾಳಿ ಹಾಕುವ ಮೊದಲು ಪಾಸ್‌ಬುಕ್ ತೆಗೆದು ಈ ವರ್ಷದ 20 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿಲ್ಲದಿದ್ದರೆ ನಾಳೆಯೇ ಬ್ಯಾಂಕಿಗೆ ಹೋಗಿ ಅರ್ಜಿ ತುಂಬಿ ಬನ್ನಿ.