ಪಂಪ್ ಬಿಚ್ಚಿಸುವ ಮುಂಚೆ ಟ್ಯಾಂಕಿನ ಮುಚ್ಚಳ ನೋಡಿ

ತೊಗರಿ ರಾಶಿ ಮುಗಿಸಿ ಹಳೇ ಡೀಸೆಲ್ ವ್ಯಾನಿನಲ್ಲಿ ಚೀಲ ಹೇರಿಕೊಂಡು ಚಿಂಚೋಳಿ ಕಡೆಯಿಂದ ಸೇಡಂ ಮಾರ್ಕೆಟ್‌ಗೆ ಹೊರಟಿದ್ದೆ. ಒಂದು ಏರಿನಲ್ಲಿ ಗಾಡಿ ಜಗ್ಗಲಿಲ್ಲ, ಎರಡು ಸಲ ಕೆಮ್ಮಿ ಬಂದ್ ಬಿತ್ತು. ಅರ್ಧ ತಾಸು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲದ ಹಾಗೆ ಚಾಲೂ. ಹತ್ತು ಕಿಲೋಮೀಟರ್ ಹೋದ ಮೇಲೆ ಮತ್ತೆ ಬಂದ್. ಮಾರ್ಕೆಟ್ ಮುಟ್ಟುವಷ್ಟರಲ್ಲಿ ಅವತ್ತಿನ ವ್ಯಾಪಾರ ಮುಗಿದಿತ್ತು. ರಾತ್ರಿಯೆಲ್ಲ ಚೀಲ ಕಾಯ್ದೆ.

ಗ್ಯಾರೇಜಿನಲ್ಲಿ ಕೇಳಿದರೆ "ಪಂಪ್ ಹೋಗ್ಯದ ಅಣ್ಣ, ಬಿಚ್ಚಿ ಕಲಬುರಗಿಗೆ ಕಳಿಸಬೇಕು" ಅಂದರು. ಹೇಳಿದ ಖರ್ಚು ಕೇಳಿ ಎದೆ ಧಸಕ್ ಅಂತು. ಊರಲ್ಲಿ ಮೊದಲು ಲಾರಿ ಹೊಡೀತಿದ್ದ ಕಾಕಾ ಒಬ್ಬರಿದ್ದಾರೆ. ಅವರು ಕೇಳಿದ್ದು ಒಂದೇ ಮಾತು: "ತಮ್ಮಾ, ಬಂದ್ ಬಿದ್ದಾಗ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೇನು?"

ಮುಂದಿನ ಸಲ ಬಂದ್ ಬಿದ್ದಾಗ ತೆಗೆದೆ. 'ಸುಯ್' ಅಂತ ಗಾಳಿ ಒಳಗೆ ಎಳೆದುಕೊಂಡಿತು. ಗಾಡಿ ಕೂಡಲೇ ಚಾಲೂ ಆಯ್ತು.

ಡೀಸೆಲ್ ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ, ಕೆಲವು ಗಾಡಿಗಳಲ್ಲಿ ಬೇರೆ ಪೈಪ್ ಇರುತ್ತದೆ. ಅದು ಮುಚ್ಚಿದರೆ ಒಳಗೆ ನಿರ್ವಾತ ಆಗಿ ಫೀಡ್ ಪಂಪಿಗೆ ಡೀಸೆಲ್ ಎಳೆಯಲು ಆಗುವುದಿಲ್ಲ. ನಿಲ್ಲಿಸಿದಾಗ ಗಾಳಿ ನಿಧಾನ ನುಸುಳುತ್ತದೆ, ಅದಕ್ಕೇ ಮತ್ತೆ ಚಾಲೂ ಆಗೋದು. ನನ್ನ ಹಳೇ ಮುಚ್ಚಳ ಕಳೆದು, ತೂತಿಲ್ಲದ ಬೇರೆ ಗಾಡಿಯ ಮುಚ್ಚಳ ಹಾಕಿದ್ದೆ. ತಪ್ಪು ನನ್ನದೇ. ನಮ್ಮ ಚಿತ್ತಾಪುರ, ವಾಡಿ, ಶಹಾಬಾದ್ ರಸ್ತೆಗಳಲ್ಲಿ ಕಲ್ಲುಪುಡಿ, ಸಿಮೆಂಟ್ ಧೂಳು ಡೀಸೆಲ್ ಪಸೆಗೆ ಅಂಟಿ ಸರಿಯಾದ ಮುಚ್ಚಳದ ತೂತೂ ಕಟ್ಟುತ್ತದೆ. ಮುಚ್ಚಳ ಇಲ್ಲವೆಂದು ಪ್ಲಾಸ್ಟಿಕ್ ಕಟ್ಟಬೇಡಿ, ಬಟ್ಟೆ ತುರುಕಬೇಡಿ. ಬಟ್ಟೆಯ ಎಳೆ ಟ್ಯಾಂಕಿನ ಜಾಳಿಗೆಗೆ ಹೋಗಿ ಕೂರುತ್ತದೆ.

ಮುಚ್ಚಳ ಸರಿ ಇದ್ದೂ ತೊಂದರೆ ಹೋಗದಿದ್ದರೆ ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಇಂಜಿನಿಗೆ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಮುಟ್ಟುತ್ತಿದೆ, ಉರಿಯುತ್ತಿಲ್ಲ. ಮುಟ್ಟದಿದ್ದರೆ ಫಿಲ್ಟರ್ ತಳದ ಸ್ಕ್ರೂ ಬಿಚ್ಚಿ ನೀರು ಇಳಿಸಿ. ಆಮೇಲೆ ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಹಾಕಿ ಇಂಜಿನ್‌ಗಿಂತ ಎತ್ತರಕ್ಕೆ ಕಟ್ಟಿ, ಪೈಪ್ ನೇರ ಫೀಡ್ ಪಂಪಿಗೆ ಕೊಡಿ. ಹೀಗೆ ಗಾಡಿ ಚೆನ್ನಾಗಿ ಓಡಿದರೆ ಪಂಪ್ ಸರಿ ಇದೆ, ದೋಷ ಟ್ಯಾಂಕಿನಲ್ಲೋ ಪೈಪಿನಲ್ಲೋ ಇದೆ. ನನಗೆ ಈ ಪರೀಕ್ಷೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ.

ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಚಾಲೂ ಆಗುವ ಗಾಡಿ ಸಾಮಾನ್ಯವಾಗಿ ಏರ್ ತಗೊಂಡಿರುತ್ತದೆ. ಇಲ್ಲಿ ಹುಡುಗರು ಮೋಸ ಹೋಗುತ್ತಾರೆ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗೆ ಎಳೆಯುವ ಪೈಪ್. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಹೋಗಬಹುದು. ಒಣಗಿ ಕಾಣುತ್ತದೆ ಎಂದು ಬಿಡಬೇಡಿ. ರಬ್ಬರ್ ಪೈಪ್ ಮಡಿಚಿ ನೋಡಿ, ತಾಮ್ರದ ವಾಷರ್ ಹೊಸದು ಹಾಕಿ.

ಏರ್ ತೆಗೆಯಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಿರಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ನಂತರ ಮುಖ್ಯ ಪಂಪಿನ ಸ್ಕ್ರೂ ಹಾಗೆಯೇ. ನಾಝಲ್‌ನಿಂದ ಚಿಮ್ಮುವ ಡೀಸೆಲ್‌ಗೆ ಕೈ ಅಡ್ಡ ಹಿಡಿಯಬೇಡಿ, ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದು ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದೆಲ್ಲ ಹಳೇ ಮೆಕ್ಯಾನಿಕಲ್ ಪಂಪ್ ಗಾಡಿಗಳಿಗೆ, ಟ್ರ್ಯಾಕ್ಟರಿಗೂ ಸೇರಿ. ಹೊಸ ಕಾಮನ್ ರೇಲ್ ಪಿಕಪ್‌ಗಳಲ್ಲಿ ಒತ್ತಡ 1000 ಬಾರ್ ದಾಟುತ್ತದೆ, ಅದರ ಪೈಪಿಗೆ ಪಾನಾ ಹಚ್ಚಲೇಬೇಡಿ. ನನ್ನ ವ್ಯಾನಿನಲ್ಲಿ ಈಗ ಒಂದು ಫಿಲ್ಟರ್, ನಾಲ್ಕು ವಾಷರ್, ಒಂದು ಮೀಟರ್ ಡೀಸೆಲ್ ಪೈಪ್ ಸೀಟಿನ ಕೆಳಗೆ ಇರುತ್ತವೆ. ತೂತಿಲ್ಲದ ಆ ಮುಚ್ಚಳವೂ ಅಲ್ಲೇ ಬಿದ್ದಿದೆ.