ಮೊಬೈಲ್ ಪಾಠಕ್ಕೆ ಪ್ರಶ್ನೆ ತಯಾರಿಸೋಣ



ಮೊಬೈಲ್‌ನಲ್ಲಿ ಪಾಠ ನೋಡಿದ ಮೇಲೆ ಕೊನೆಗೆ ಪ್ರಶ್ನೆಗಳು ಬರುತ್ತವೆ. ಇಂಥ ಪ್ರಶ್ನೆಗಳನ್ನು ನಾವೇ ತಯಾರು ಮಾಡಬಹುದು. "ಯುಪಿಐ ಪಿನ್ ಎಂದರೇನು?" ಎಂದು ಕೇಳಿದರೆ ಬಾಯಿಪಾಠ ಮಾಡಿದವರೂ ಹೇಳಿಬಿಡ್ತಾರೆ. ಮೋಸದ ಕರೆ ಬಂದಾಗ ಆ ಉತ್ತರ ನೆರವಿಗೆ ಬರೋದಿಲ್ಲ. ಆದ್ದರಿಂದ ನಿಜವಾಗಿ ನಡೆಯುವ ಸಂದರ್ಭವನ್ನೇ ಕೊಡೋಣ.

ಪ್ರಶ್ನೆ: "ನಿಮಗೆ ₹2,000 ಬಂದಿದೆ, ಖಾತೆಗೆ ಸೇರಲು ಪಿನ್ ಒತ್ತಿ" ಎಂದು ಯಾರೋ ಫೋನ್ ಮಾಡುತ್ತಾರೆ. ಏನು ಮಾಡುತ್ತೀರಿ?
ಅ) ಪಿನ್ ಒತ್ತುತ್ತೇನೆ
ಆ) ಪಿನ್ ಅವರಿಗೇ ಹೇಳುತ್ತೇನೆ
ಇ) ಪಿನ್ ಒತ್ತದೆ ಫೋನ್ ಇಡುತ್ತೇನೆ

ತಪ್ಪು ಉತ್ತರಗಳು ನಗು ಬರಿಸುವಂತಿರಬಾರದು. ಜನ ನಿಜವಾಗಿ ಮಾಡುವ ತಪ್ಪುಗಳೇ ಆಗಿರಬೇಕು. ತಪ್ಪು ಒತ್ತಿದವರಿಗೆ ಬರೀ 'ತಪ್ಪು' ಎಂದು ತೋರಿಸಿದರೆ ಸಾಲದು, ಕಾರಣವನ್ನೂ ತಕ್ಷಣ ಹೇಳಬೇಕು: "ಹಣ ಪಡೆಯಲು ಪಿನ್ ಬೇಕಿಲ್ಲ. ಇಂಥಲ್ಲಿ ಪಿನ್ ಒತ್ತಿದರೆ ನಮ್ಮ ಹಣವೇ ಹೋಗುತ್ತದೆ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ." ಆಮೇಲೆ ಇನ್ನೊಮ್ಮೆ ಉತ್ತರಿಸಲು ಅವಕಾಶ ಇರಲಿ.

ಓದಲು ಬಾರದ ಅಕ್ಕಂದಿರಿಗಾಗಿ ಪ್ರಶ್ನೆಯನ್ನು ಧ್ವನಿಯಲ್ಲೂ ಕಳಿಸೋಣ. ಮುಂದಿನ ಸಭೆಗೆ ಪ್ರತಿ ಸಂಘವೂ ಇಂಥ ಒಂದು ಪ್ರಶ್ನೆ ತಯಾರಿಸಿ ತರಲಿ.