ಜಡ್ಡು ಏಕೆ ಕಟ್ಟುತ್ತದೆ?



ದಿನವೂ ಕುಡುಗೋಲು ಹಿಡಿಯುವ ನಿಮ್ಮ ಅಂಗೈಯನ್ನು ನೋಡಿಕೊಳ್ಳಿ. ಬೆರಳುಗಳ ಬುಡದಲ್ಲಿ ಚರ್ಮ ಜಡ್ಡುಗಟ್ಟಿರುತ್ತದೆ. ಒಂದೇ ಜಾಗ ಮತ್ತೆ ಮತ್ತೆ ಉಜ್ಜಿದಾಗ ಚರ್ಮದ ಮೇಲ್ಪದರ ದಪ್ಪವಾಗಿ ಒಳಭಾಗವನ್ನು ಕಾಪಾಡುತ್ತದೆ. ನೊಗ ಹೊರುವ ಎತ್ತಿನ ಹೆಗಲಿನಲ್ಲೂ, ಸಿಮೆಂಟ್ ನೆಲದಲ್ಲಿ ಮಲಗುವ ಹಸುವಿನ ಹಿಂಗಾಲಿನ ಕೀಲಿನಲ್ಲೂ ಆಗುವುದು ಇದೇ. ಈ ಜಡ್ಡನ್ನು ಕೊಯ್ಯಬೇಡಿ, ಬರೆ ಹಾಕಬೇಡಿ. ಕೊಟ್ಟಿಗೆಗೆ ಒಣಹುಲ್ಲು ಅಥವಾ ರಬ್ಬರ್ ಹಾಸು ಹಾಕಿ. ಊತ, ಕುಂಟು ಕಂಡರೆ ಪಶುವೈದ್ಯರಿಗೆ ತೋರಿಸಿ.

ಮುರಿದ ಮೂಳೆ ಕೂಡುವಾಗಲೂ ಅಲ್ಲಿ ಒಂದು ಗಂಟು ಬೆಳೆಯುತ್ತದೆ. ವೈದ್ಯರು ಇದನ್ನು ಕ್ಯಾಲಸ್ ಎನ್ನುತ್ತಾರೆ. ಚರ್ಮದ ಜಡ್ಡಿಗೂ ಇದೇ ಹೆಸರು. ಆದರೆ ಕೆಲಸ ಬೇರೆ. ಅದು ಕಾಪಾಡುತ್ತದೆ, ಇದು ಬೆಸೆಯುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಬಳಿಕ ಮೆತ್ತನೆಯ ಗಂಟು ಎರಡೂ ತುದಿಗಳನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅದಕ್ಕೆ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ತಿಂಗಳುಗಳು ಕಳೆದಂತೆ ಹೆಚ್ಚಿನ ಭಾಗ ಕರಗಿ ಮೂಳೆ ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ಬರುತ್ತದೆ.

ಹಸು ಕರು ಹಾಕಲು ಕಷ್ಟಪಡುವಾಗ ಹಗ್ಗ ಕಟ್ಟಿ ಜೋರಾಗಿ ಎಳೆದರೆ ಕರುವಿನ ಮುಂಗಾಲು ಮುರಿಯುವುದುಂಟು. ಇನ್ನು ಈ ಕರು ಪ್ರಯೋಜನವಿಲ್ಲವೆಂದು ಕೈಬಿಡಬೇಡಿ. ಎಳೆಗರುವಿನ ಮೂಳೆ ಬೇಗ ಕೂಡುತ್ತದೆ. ಚರ್ಮ ಹರಿದು ಮೂಳೆ ಹೊರಬಂದಿರದಿದ್ದರೆ ವಾಸಿಯಾಗುವ ಸಂಭವ ಹೆಚ್ಚು. ಕಾಲಿಗೆ ಹತ್ತಿ ಸುತ್ತಿ, ಎರಡು ಬಿದಿರಿನ ದಬ್ಬೆ ಇಟ್ಟು, ಮುರಿದ ಜಾಗದ ಮೇಲಿನ ಹಾಗೂ ಕೆಳಗಿನ ಕೀಲುಗಳು ಅಲುಗದಂತೆ ಕಟ್ಟಿ. ತುಂಬ ಬಿಗಿಯಬೇಡಿ. ಕೂಡಲೇ ಪಶುವೈದ್ಯರನ್ನು ಕರೆಸಿ. ಕರು ಎದ್ದು ನಿಲ್ಲಲಾಗದಿದ್ದರೆ ಗಿಣ್ಣುಹಾಲನ್ನು ಕರೆದು, ತಡಮಾಡದೆ ಬಾಟಲಿಯಲ್ಲಿ ಕುಡಿಸಿ.

ಪ್ಲಾಸ್ಟರ್ ಸಾಮಾನ್ಯವಾಗಿ 4ರಿಂದ 6 ವಾರ ಇರಬೇಕು. ಹತ್ತು ದಿನಕ್ಕೇ ಕರು ಕಾಲೂರಿತೆಂದು ಬಿಚ್ಚಿದರೆ ಕೆಟ್ಟಿತು! ಒಳಗಿನ ಗಂಟು ಆಗಿನ್ನೂ ಮೆತ್ತಗಿರುತ್ತದೆ. ಅಲುಗಿದರೆ ಮೂಳೆ ಸೊಟ್ಟಗೆ ಕೂಡಬಹುದು, ಕೂಡದೆಯೂ ಹೋಗಬಹುದು. ಆದರೆ ಕೆಟ್ಟ ವಾಸನೆ ಬಂದರೆ, ಗೊರಸಿನ ಮೇಲ್ಭಾಗ ಊದಿದರೆ, ವೈದ್ಯರಿಗೆ ಅಂದೇ ತಿಳಿಸಿ.

ಮಾವಿನ ಕಸಿ ಕಟ್ಟಿದವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಕಸಿ ಕಡ್ಡಿ ಮತ್ತು ಬುಡದ ಗಿಡ ಕೂಡುವಲ್ಲಿ, ಕೊಯ್ದ ಗಾಯದಿಂದ ಮೆತ್ತನೆಯ ಅಂಗಾಂಶ ಬೆಳೆದು ಎರಡನ್ನೂ ಬೆಸೆಯುತ್ತದೆ. ಗಿಡದಲ್ಲೂ ಇದರ ಹೆಸರು ಕ್ಯಾಲಸ್ಸೇ. ತೊಗಟೆಯ ಕೆಳಗಿನ ಪದರಗಳು ಒಂದಕ್ಕೊಂದು ತಾಗಿರಬೇಕು, ಕಟ್ಟಿದ ಪಟ್ಟಿ ಅಲುಗಬಾರದು. ಚಿಗುರು ಬಂತೇ ಎಂದು ದಿನವೂ ಬಿಚ್ಚಿ ನೋಡುವವರ ಕಸಿ ಹಿಡಿಯುವುದಿಲ್ಲ.

ನೆನಪಿಡಿ: ಚರ್ಮದ ಜಡ್ಡಿಗೆ ಉಜ್ಜುವುದನ್ನು ತಪ್ಪಿಸಿ, ಮೂಳೆಗೂ ಕಸಿಗೂ ಅಲುಗಾಟ ತಪ್ಪಿಸಿ. ಇಂದು ಉಳಿಸಿಕೊಂಡ ಹೆಣ್ಣುಗರು ನಾಳೆ ನಿಮ್ಮ ಮನೆಯ ಹಾಲಿನ ಹಸು.